ಕಾತ್ಯಾಯಿನಿಯವರ ಒಂದು ಗುಟುಕು

ತೋಜಾಯ್ ಲೈನಿನ ರೈಲು ನಿಶಿ ಕಸಾಯಿ ಸ್ಟೇಷನ್ನಿಗೆ ಎಷ್ಟು ಗಂಟೆಗೆ ಬರುತ್ತದೆ ಎಂಬ ಬಗ್ಗೆ ಜಪಾನಿನ ಈ ಭಾಗದ ಕನ್ನಡಿಗರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಾತ್ಯಾಯಿನಿಯವರು ಒಂದು ಗುಟುಕು ನೀರು ಕುಡಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬ ವಿಷಯದಲ್ಲಿ ಮಾತ್ರ ಮೂರು ಪಂಥಗಳಿವೆ. ಹನ್ನೆರಡು ಸೆಕೆಂಡು ಎನ್ನುತ್ತದೆ ಮೊದಲನೆಯದು. ಒಂದು ನಿಮಿಷ ಎನ್ನುತ್ತದೆ ಎರಡನೆಯದು. ನಾನು ಸೇರಿರುವ ಮೂರನೆಯ ಪಂಥದ ನಂಬಿಕೆಯಂತೆ, ಆ ಗುಟುಕು ಶುರುವಾದಾಗ ತಲೆತುಂಬ ಕಪ್ಪು ಕೂದಲಿದ್ದ ಮುಖ್ಯೋಪಾಧ್ಯಾಯರೊಬ್ಬರು ಅದು ಮುಗಿಯುವ ಹೊತ್ತಿಗೆ ನಿವೃತ್ತರಾಗಿದ್ದರು. ಸಮುದ್ರವನ್ನೇ ಆಪೋಶನ ತೆಗೆದುಕೊಂಡ ಮುನಿ ಕೂಡ ಅಷ್ಟು ಸಾವಕಾಶ ಮಾಡಿರಲಾರ.

ಕಾತ್ಯಾಯಿನಿಯವರಿಗೆ ಐವತ್ನಾಲ್ಕು ವರ್ಷ. ಊರು ತಿಪಟೂರು. ಒಂದು ಕಾಲದಲ್ಲಿ ಅಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದರು. ಈಗ ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಮ್ಮ ಮಕ್ಕಳಿಗೂ ಜಪಾನಿ ಮೇಷ್ಟ್ರುಗಳಿಗೂ ನಡುವೆ ಕೂತು ಅನುವಾದ ಮಾಡುವುದು ಅವರ ಕೆಲಸ. ಪದ್ಧತಿ ಬದಲಾದದ್ದೇ ಇಲ್ಲ. ಮಗು ಹೇಳುವುದನ್ನು ಪೂರ್ತಿ ಕೇಳುತ್ತಾರೆ. ಚೀಲದಿಂದ ಫ್ಲಾಸ್ಕು ತೆಗೆಯುತ್ತಾರೆ. ಮುಚ್ಚಳ ತಿರುಗಿಸುತ್ತಾರೆ. ಒಂದು ಗುಟುಕು ಜೀರಿಗೆ ನೀರು. ಮುಚ್ಚಳ ಹಾಕುತ್ತಾರೆ. ಆಮೇಲೆ ಬಾಯಿ ತೆರೆಯುತ್ತಾರೆ. ಆ ನಡುವಿನ ಅವಧಿಯಲ್ಲಿ ಅಪ್ಪಂದಿರು ಬೆವರುತ್ತಾರೆ, ಮೇಷ್ಟ್ರುಗಳು ಪೆನ್ನು ತಿರುಗಿಸುತ್ತಾರೆ, ತಪ್ಪು ಮಾಡದವರೂ ತಪ್ಪೊಪ್ಪಿಕೊಳ್ಳಲು ಸಿದ್ಧರಾಗುತ್ತಾರೆ.

ಈ ಕೆಲಸಕ್ಕೆ ಅವರು ಬಂದದ್ದರ ಹಿಂದೆ ಒಂದು ಸಣ್ಣ ಸುಳ್ಳಿದೆ. ಹತ್ತೊಂಬತ್ತು ವರ್ಷದ ಹಿಂದೆ ಗಂಡ ಉಮಾಶಂಕರ್ ಜೊತೆ ಇಲ್ಲಿಗೆ ಬಂದಾಗ ಅವರಿಗೆ ಥ್ಯಾಂಕ್ಸ್ ಎನ್ನುವ ಅರಿಗಾತೋ ಬಿಟ್ಟರೆ ಬೇರೆ ಜಪಾನಿ ಗೊತ್ತಿರಲಿಲ್ಲ. ಮಗ ಭುವನ್ ಎರಡನೇ ತರಗತಿ. ಶಾಲೆ ಹೇಗಿದೆ ಎಂದು ಮೇಷ್ಟ್ರು ಅವನನ್ನು ಕೇಳಿದಾಗ, ಭಾಷೆ ಬರುತ್ತಿದ್ದ ನೆರೆಯವರೊಬ್ಬರು ಅವನ ಉತ್ತರವನ್ನು ಜಪಾನಿಗೆ ದಾಟಿಸಿದರು. ಮೇಷ್ಟ್ರು ನಕ್ಕು ತಲೆ ಸವರಿದರು. ಎರಡು ವರ್ಷದ ಮೇಲೆ, ಅಕ್ಷರಗಳನ್ನು ಕೂಡಿಸಿ ಓದುವಷ್ಟು ಕಲಿತ ತಾಯಿ ಮಗನ ಶಾಲೆಯ ಹಳೆಯ ಡೈರಿ ತೆಗೆದಾಗ ಮೇಷ್ಟ್ರ ಸಾಲು ಕಂಡಿತು: ‘ಶಾಲೆ ತುಂಬಾ ಖುಷಿ ಎಂದು ಭುವನ್ ಹೇಳಿದ, ನಮಗೆ ಸಮಾಧಾನವಾಯಿತು.’

“ಹಂಗಂದಿದ್ಯೇನೋ?” ಎಂದು ಮಗನನ್ನು ಕೇಳಿದರು.

“ಇಲ್ಲಮ್ಮ. ಇಲ್ಲಿ ಯಾರೂ ನನ್ನ ಜೊತೆ ಮಾತಾಡಲ್ಲ ಅಂದಿದ್ದೆ.”

ನೆರೆಯವರು ಕೆಟ್ಟವರಲ್ಲ. ಒಳ್ಳೆಯದಾಗಲಿ ಅಂತಲೇ ಹೇಳಿದ್ದರು. ಇದನ್ನು ಕಾತ್ಯಾಯಿನಿಯವರು ನನಗೆ ಹೇಳಿದ್ದು ಒಂದೇ ಸಲ, ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ ಚೀಲಕ್ಕೆ ಕಾಯುತ್ತಾ, ಅಕ್ಕಿಯ ಗುಣಮಟ್ಟದ ಬಗ್ಗೆ ಮಾತಾಡುವ ದನಿಯಲ್ಲಿ.

ಇನ್ನು ಯುದ್ಧಕಾಂಡ. ಇದು ಈ ವರ್ಷದ ಜೂನ್ ತಿಂಗಳದ್ದು.

ಮೂರನೇ ತರಗತಿಯ ಯಾಮಿನಿಗೆ ಒಂಬತ್ತು ವರ್ಷ. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನಿಂದ ಬಂದವಳು. ಆಟಕ್ಕೆ, ಊಟಕ್ಕೆ, ಲೆಕ್ಕಕ್ಕೆ ಬೇಕಾದಷ್ಟು ಜಪಾನಿ ಬಂದಿತ್ತು. ಜಗಳಕ್ಕೆ ಬೇಕಾದಷ್ಟು ಇನ್ನೂ ಬಂದಿರಲಿಲ್ಲ. ಅವಳ ತರಗತಿಯ ಗೋಡೆಯ ಮೇಲೆ ‘ಮನಸ್ಸಿನ ಹವಾಮಾನ’ ಎಂಬ ಹಲಗೆ ಇತ್ತು. ಬಿಸಿಲು, ಮೋಡ, ಮಳೆ, ಗುಡುಗು ಎಂದು ನಾಲ್ಕು ಮನೆ. ಪ್ರತಿ ಮಗುವಿಗೂ ಹೆಸರು ಬರೆದ ಒಂದು ಅಯಸ್ಕಾಂತದ ಬಿಲ್ಲೆ. ಬೆಳಿಗ್ಗೆ ಬಂದೊಡನೆ ತಮ್ಮ ಮನಸ್ಸು ಹೇಗಿದೆಯೋ ಆ ಮನೆಯಲ್ಲಿ ಬಿಲ್ಲೆ ಅಂಟಿಸಬೇಕು. ಮಕ್ಕಳು ತಮ್ಮ ಭಾವನೆಯನ್ನು ಗುರುತಿಸಲಿ, ಹೇಳಲು ಕಲಿಯಲಿ ಎಂಬ ಸದುದ್ದೇಶ. ಮೊರಿಶಿತಾ ಸೆನ್ಸೇ ಎಂಬ ಇಪ್ಪತ್ತೇಳರ ಹುರುಪಿನ ಟೀಚರು ಇದಕ್ಕೆ ಇನ್ನಷ್ಟು ಸದುದ್ದೇಶ ಸೇರಿಸಿದರು. ಸತತ ಇಪ್ಪತ್ತು ದಿನ ಮೂವತ್ತೊಂದು ಬಿಲ್ಲೆಯೂ ಬಿಸಿಲಿನಲ್ಲಿದ್ದರೆ ಒಂದಿಡೀ ಪಿರಿಯಡ್ಡು ಚೆಂಡೆಸೆದಾಡುವ ಡಾಡ್ಜ್‌ಬಾಲ್!

ಅಂದಿನಿಂದ ಆ ತರಗತಿಯಲ್ಲಿ ಮೋಡ ಕವಿಯಲಿಲ್ಲ. ಹಲ್ಲುನೋವಿನವನೂ ಬಿಸಿಲು, ಅಮ್ಮನ ಕೈಯಲ್ಲಿ ಬೈಸಿಕೊಂಡು ಬಂದವಳೂ ಬಿಸಿಲು. ಹತ್ತೊಂಬತ್ತು ದಿನ ಹೀಗೆ ಸೂರ್ಯ ಕಂತಲೇ ಇಲ್ಲ.

ಇಪ್ಪತ್ತನೆಯ ದಿನ ಯಾಮಿನಿಯ ರೇಷ್ಮೆಹುಳು ಸತ್ತಿತು. ಇಲ್ಲಿ ಮೂರನೇ ತರಗತಿಯ ಮಕ್ಕಳು ವಿಜ್ಞಾನದ ಪಾಠಕ್ಕೆಂದು ತರಗತಿಯಲ್ಲೇ ರೇಷ್ಮೆಹುಳು ಸಾಕುತ್ತಾರೆ, ತಲೆಗೆ ಎರಡರಂತೆ. ಯಾಮಿನಿಯ ಅಮ್ಮ ಉಷಾ ಶಿಡ್ಲಘಟ್ಟದವರು. ಹೊಳೆದಂಡೆಯ ಹಿಪ್ಪುನೇರಳೆ ಸೊಪ್ಪು ಯಾವುದು ಎಳೆಯದು, ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಹೇಗೆ ತಲೆಯೆತ್ತಿ ಅಲುಗಾಡದೆ ಇರುತ್ತದೆ, ಎಲ್ಲ ಮಗಳಿಗೆ ಹೇಳಿಕೊಟ್ಟಿದ್ದರು. ನಾಲ್ಕನೇ ಜ್ವರದಿಂದ ಒಂದು ಹುಳು ಎದ್ದಿತು. ಇನ್ನೊಂದು, ಪುಟ್ಟಸ್ವಾಮಿ ಎಂಬ ಹೆಸರಿನದು, ಏಳಲಿಲ್ಲ.

ಯಾಮಿನಿ ತನ್ನ ಬಿಲ್ಲೆಯನ್ನು ಮಳೆಯಲ್ಲಿಟ್ಟಳು.

ಆ ದಿನದ ಲೀಡರು ರಿಕು ಎಂಬ ಹುಡುಗ. ಅವನು ಅದನ್ನು ಬಿಸಿಲಿಗೆ ಎಳೆದ. ಅವಳು ಮಳೆಗೆ ಎಳೆದಳು. ಅವನು ಮತ್ತೆ ಬಿಸಿಲಿಗೆ. ತರಗತಿ ಚಪ್ಪಾಳೆ ತಟ್ಟಿತು. ಅವಳು ಹೊರಗೆ ಓಡಿದಳು. ಬೂಟಿನ ಕಪಾಟುಗಳ ಹಿಂದೆ ಕೂತವಳನ್ನು ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಮರುದಿನದಿಂದ ಶಾಲೆಗೆ ಬರುತ್ತಾಳೆ, ಆದರೆ ತರಗತಿಯ ಹೊಸ್ತಿಲು ದಾಟುವುದಿಲ್ಲ. ನರ್ಸ್ ಕೋಣೆಯಲ್ಲಿ ಕೂರುತ್ತಾಳೆ. ಶಾಲೆಯಲ್ಲಿ ಒಂದೇ ಒಂದು ಜಪಾನಿ ಮಾತು ಆಡುವುದಿಲ್ಲ. ಹೀಗೆ ಆರು ದಿನ.

ಅಪ್ಪ ಧೀರಜ್ ಸಾಫ್ಟ್‌ವೇರಿನವರು, ತೊಂದರೆ ಬಂದರೆ ಗಡುವು ಹಾಕುವ ಜನ. ಶುಕ್ರವಾರದೊಳಗೆ ಮಗಳು ತರಗತಿಗೆ ಹೋಗದಿದ್ದರೆ ತಾಯಿ-ಮಗಳು ಬೆಂಗಳೂರಿಗೆ, ತಾನೊಬ್ಬನೇ ಇಲ್ಲಿ. ಟಿಕೆಟ್ ಹೋಲ್ಡ್ ಮಾಡಿಯಾಗಿತ್ತು. ಅದು ತಿಳಿದ ಮೇಲೆ ಯಾಮಿನಿ ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ಅವಳಿಗೆ ಹೋಗಲು ಇಷ್ಟವಿರಲಿಲ್ಲ. ಎರಡನೇ ಹುಳು ಇನ್ನೆರಡು ದಿನದಲ್ಲಿ ಗೂಡು ಕಟ್ಟುವುದಿತ್ತು.

ಬುಧವಾರ ನಾಲ್ಕು ಗಂಟೆಗೆ ಸಂಧಾನದ ಸಭೆ ಗೊತ್ತಾಯಿತು. ಮಂಗಳವಾರ ಸಂಜೆ ಧೀರಜ್ ಕಾತ್ಯಾಯಿನಿಯವರಿಗೆ ಫೋನು ಮಾಡಿದರು.

“ಮೇಡಂ, ನಾಳೆ ಸಿಂಪಲ್ ಪ್ರೋಸೆಸ್. ಆ ಹುಡುಗ ಗೊಮೆನ್ ನೆ ಅಂತಾನೆ. ಇವಳು ಈ ಯೋ ಅನ್ಬೇಕು, ಅಷ್ಟೆ. ಅಲ್ಲಿಗೆ ಇಶ್ಯೂ ಕ್ಲೋಸ್.”

ಇಲ್ಲಿ ಎರಡು ವರ್ಷದ ಕೂಸಿಗೂ ಗೊತ್ತಿರುವ ವಿಧಿ ಇದು. ತಪ್ಪು ಮಾಡಿದವನು ಗೊಮೆನ್ ನೆ, ಅಂದರೆ ಸಾರಿ ಎನ್ನಬೇಕು. ಪೆಟ್ಟು ತಿಂದವನು ಈ ಯೋ, ಅಂದರೆ ಪರವಾಗಿಲ್ಲ ಎನ್ನಬೇಕು. ಮಂಗಳಾರತಿಗೆ ಕೈಮುಗಿದಷ್ಟು ಸಲೀಸು. ಈ ಯೋ ಅನ್ನದಿರುವ ಅವಕಾಶ ವಿಧಿಯಲ್ಲೇ ಇಲ್ಲ.

“ಅವಳು ಅಂತಾಳಾ?” ಎಂದರು ಕಾತ್ಯಾಯಿನಿ.

“ಅನ್ನದಿದ್ರೆ... ಅಂದ್ರೆ ಏನೇ ಅಂದ್ರೂ, ನೀವು ಈ ಯೋ ಅಂದ್ಬಿಡಿ ಮೇಡಂ. ಟೀಚರಿಗೆ ಕನ್ನಡ ಬರಲ್ವಲ್ಲ. ಮಗು ಫ್ಯೂಚರ್ ಪ್ರಶ್ನೆ.”

ಆ ಕಡೆಯಿಂದ ಫ್ಲಾಸ್ಕಿನ ಮುಚ್ಚಳ ತಿರುಗಿದ ಸದ್ದು ಕೇಳಿಸಿತಂತೆ. ಆಮೇಲೆ ಒಂದು ಗುಟುಕು. ಆಮೇಲೆ “ನಾಳೆ ಸಿಗೋಣ” ಎಂದಷ್ಟೇ. ಅದನ್ನು ಒಪ್ಪಿಗೆ ಎಂದುಕೊಂಡು ಧೀರಜ್ ನಿದ್ದೆ ಮಾಡಿದರು.

ಸಭೆ ನಡೆದದ್ದು ಮೂರನೇ ತರಗತಿಯ ಪಕ್ಕದ ಖಾಲಿ ಕೋಣೆಯಲ್ಲಿ, ಮಕ್ಕಳ ಕುರ್ಚಿಗಳಲ್ಲಿ. ಧೀರಜರ ಮೊಣಕಾಲುಗಳು ಗಲ್ಲದ ಹತ್ತಿರವಿದ್ದವು. ಒಂದು ಬದಿಗೆ ಯಾಮಿನಿ, ಅವಳ ಆಚೆ ಈಚೆ ಅಪ್ಪ ಅಮ್ಮ. ಎದುರಿಗೆ ರಿಕು ಮತ್ತು ಮೊರಿಶಿತಾ ಸೆನ್ಸೇ. ಟೀಚರ ಕಣ್ಣಿನ ಕೆಳಗಿನ ಕಪ್ಪು ನೋಡಿದರೆ ಆರು ದಿನದಿಂದ ಅವರೂ ಮಲಗಿದಂತಿರಲಿಲ್ಲ. ಮೇಜಿನ ತುದಿಯಲ್ಲಿ ಉಪಮುಖ್ಯೋಪಾಧ್ಯಾಯರು ನಡಾವಳಿ ಬರೆಯಲು ಕೂತಿದ್ದರು. ಇಲ್ಲಿ ನಡಾವಳಿಯಿಲ್ಲದೆ ಯಾರೂ ರಾಜಿಯಾಗುವುದಿಲ್ಲ. ಅದರ ಒಂದು ಪ್ರತಿ ಉಷಾ ಅವರ ಬಳಿ ಇದೆ. ನಾನು ಹೇಳುತ್ತಿರುವುದಕ್ಕೆ ಅದೇ ಶಾಸನ, ಉಳಿದದ್ದು ಉಷಾ ಅವರ ಬಾಯಿಂದ.

ಮೊರಿಶಿತಾ ಸೆನ್ಸೇ ಎದ್ದು ನಿಂತು, ಶಾಲೆಯ ಕಡೆಯಿಂದ ತೊಂದರೆಯಾಯಿತು ಎಂದು ಬಾಗಿದರು. ತೊಂದರೆ ಎಂಬ ಜಪಾನಿ ಶಬ್ದ ಕಿವಿಗೆ ಬಿದ್ದದ್ದೇ ತಡ, ಬೆಂಗಳೂರಿನ ದಿನಗಳೂ ಸೇರಿ ಏಳು ವರ್ಷ ಜಪಾನಿ ಗ್ರಾಹಕರ ಮುಂದೆ ಪಳಗಿದ ಧೀರಜರ ಬೆನ್ನು ತನ್ನಷ್ಟಕ್ಕೆ ತಾನೇ ಎದ್ದು ಇನ್ನೂ ಆಳಕ್ಕೆ ಬಾಗಿತು. ಪೆಟ್ಟು ತಿಂದವಳು ತನ್ನ ಮಗಳು ಎಂಬುದನ್ನು ಬೆನ್ನಿಗೆ ಯಾರೂ ತಿಳಿಸಿರಲಿಲ್ಲ. ಅಷ್ಟಕ್ಕೆ ಬಿಡದೆ ಚೀಲದಿಂದ ದೊಡ್ಡ ಹಾಳೆಗಳನ್ನು ತೆಗೆದು ಎಲ್ಲರಿಗೂ ಹಂಚಿದರು. ಆಫೀಸಿನಲ್ಲಿ ಏನಾದರೂ ಕೆಟ್ಟರೆ ಐದು ಸಲ ‘ಏಕೆ’ ಎಂದು ಕೇಳಿ ಮೂಲಕಾರಣ ಹಿಡಿಯುವ ಕೋಷ್ಟಕ. ಏಕೆ ಒಂದು: ಮಗು ತರಗತಿಗೆ ಹೋಗುತ್ತಿಲ್ಲ. ಹೀಗೆ ಇಳಿದು ಇಳಿದು, ಏಕೆ ಐದು: ಹುಳು ಸತ್ತಿದೆ. ಕೊನೆಗೆ, ಮರುಕಳಿಸದಂತೆ ಕ್ರಮ: ಇನ್ನು ಮುಂದೆ ಹುಳುಗಳಿಗೆ ಹೆಸರಿಡತಕ್ಕದ್ದಲ್ಲ.

ಉಷಾ ಆ ಹಾಳೆಯನ್ನು ಮಗಳಿಗೆ ಕಾಣದಂತೆ ಮಡಿಚಿ ಸೆರಗಿನಡಿಗೆ ಸೇರಿಸಿದರು. ಕಾತ್ಯಾಯಿನಿಯವರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವರ ಮುಂದೆ ಮೇಜಿನ ಮೇಲೆ ಫ್ಲಾಸ್ಕು, ಹೊಚ್ಚ ಹೊಸದು, ಮುಚ್ಚಳ ಭದ್ರ.

ರಿಕು ಎದ್ದ. ಕಿವಿ ಕೆಂಪಾಗಿತ್ತು. ಮೇಜು ನೋಡಿಕೊಂಡು ಹೇಳಿದ, “ಗೊಮೆನ್ ನೆ.”

ಎಲ್ಲರೂ ಯಾಮಿನಿಯ ಕಡೆ ತಿರುಗಿದರು. ಗೋಡೆಯ ಗಡಿಯಾರದ ಮುಳ್ಳು ಸದ್ದು ಮಾಡುವುದು ಆಗ ಉಷಾ ಅವರ ಗಮನಕ್ಕೆ ಬಂತು. ಟೀಚರ ತುಟಿ ಆಗಲೇ ‘ಈ’ ಎಂಬಂತೆ ಅಗಲವಾಗಿತ್ತು, ಮಗುವಿಗೆ ದಾರಿ ತೋರಿಸಲು. ಧೀರಜ್ ಮೇಜಿನ ಕೆಳಗೆ ಮಗಳ ಕೈ ಹಿಡಿದು ಒತ್ತಿದರು.

“ಹೇಳು ಪುಟ್ಟಿ. ಎರಡೇ ಅಕ್ಷರ.”

ಯಾಮಿನಿ ಕೈ ಬಿಡಿಸಿಕೊಂಡಳು. ಅಪ್ಪನನ್ನೂ ಟೀಚರನ್ನೂ ಬಿಟ್ಟು ಕಾತ್ಯಾಯಿನಿಯವರ ಮುಖ ನೋಡಿ, ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಿದಳು:

“ಇಲ್ಲ ಆಂಟಿ. ನಂಗಿನ್ನೂ ಕೋಪ ಇದೆ. ಅಳು ಬಂದಿತ್ತು, ಅದಕ್ಕೆ ಮಳೆ ಇಟ್ಟೆ. ಅವನು ತೆಗ್ದ. ಎಲ್ಲಾರೂ ಚಪ್ಪಾಳೆ ತಟ್ಟಿದ್ರು. ಬಾಗಿಲ ಹತ್ರ ಸೆನ್ಸೇ ಬಂದ್ರು. ಅವ್ರೂ ತಟ್ಟಿದ್ರು.”

ಇದು ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಐದು ಏಕೆಗಳಲ್ಲಿ ಒಂದೂ ಇದರ ಹತ್ತಿರ ಸುಳಿದಿರಲಿಲ್ಲ. ಉಷಾ ಬಾಯಿಗೆ ಕೈ ಅಡ್ಡ ಹಿಡಿದರು. ಧೀರಜರ ಮುಖ ಬಿಳಿಚಿತು. ಎದುರಿಗೆ ಮೊರಿಶಿತಾ ಸೆನ್ಸೇ, ಏನೂ ಅರ್ಥವಾಗದೆ, ಆಸೆ ತುಂಬಿದ ನಗು ಹೊತ್ತು ಅನುವಾದಕ್ಕೆ ಕಾಯುತ್ತಿದ್ದರು.

ಕಾತ್ಯಾಯಿನಿಯವರು ಫ್ಲಾಸ್ಕು ಎತ್ತಿಕೊಂಡು ಮುಚ್ಚಳ ತಿರುಗಿಸಿದರು. ನಡಾವಳಿಯಲ್ಲಿ ಹೀಗಿದೆ: ‘4:12. ಅನುವಾದಕರು ನೀರು ಕುಡಿಯಲಾರಂಭಿಸಿದರು.’ ಅದರ ಕೆಳಗಿನ ಸಾಲು: ‘4:13. ಇನ್ನೂ ಕುಡಿಯುತ್ತಿದ್ದಾರೆ.’

ಗುಟುಕು ಬಾಯೊಳಗೆ ಹೋಯಿತು, ಒಳಗಿಳಿಯಲಿಲ್ಲ. ಕಾತ್ಯಾಯಿನಿಯವರು ಕಣ್ಣು ಮುಚ್ಚಿದರು. ಕೆನ್ನೆ ಉಬ್ಬಿತು. ಮೂಗಿನ ಹೊಳ್ಳೆ ಅಗಲವಾಯಿತು. ಮುಚ್ಚಿದ ಕಣ್ಣಿನ ಅಂಚಿನಿಂದ ಒಂದು ಹನಿ ಕೆಳಗಿಳಿಯಿತು. ಇದಕ್ಕೆ ಉಷಾ ಸಾಕ್ಷಿ. ಒಂದು ಮಗುವಿನ ದುಃಖವನ್ನು ಬಾಯೊಳಗಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಕೂತ ಹೆಂಗಸನ್ನು ಆ ಕೋಣೆ ಹಿಂದೆಂದೂ ಕಂಡಿರಲಿಲ್ಲ.

ಧೀರಜರಿಗೆ ತಡೆಯಲಾಗಲಿಲ್ಲ. ಒಳ್ಳೆಯ ಆಫೀಸು ಜಪಾನಿಯಲ್ಲಿ ಹೇಳಿಯೇಬಿಟ್ಟರು: “ಈ ಯೋ ಅಂತಿದ್ದಾಳೆ.”

ಮೊರಿಶಿತಾ ಸೆನ್ಸೇ ದೊಡ್ಡ ಉಸಿರು ಬಿಟ್ಟು, ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಆಟದ ಜಪಾನಿ ಗೊತ್ತಿದ್ದ ಯಾಮಿನಿಗೆ ಅಪ್ಪನ ಮಾತು ಪೂರ್ತಿ ಅರ್ಥವಾಯಿತು. ಚಪ್ಪಾಳೆಯಂತೂ ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ. ಅವಳು ಅಳಲಿಲ್ಲ. ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಬಾಗಿಲ ಕಡೆ ನೋಡಿದಳು. ಈ ಸಲ ಹೋದರೆ ಬೂಟಿನ ಕಪಾಟಿನ ಹಿಂದೆ ಸಿಗುವವಳಲ್ಲ, ನೇರ ವಿಮಾನವೇ ಎಂದು ಉಷಾಗೆ ಅನ್ನಿಸಿತು.

ಟಕ್. ಫ್ಲಾಸ್ಕು ಮೇಜಿನ ಮೇಲೆ ಕೂತಿತು.

“ಸುಮಿಮಾಸೆನ್,” ಎಂದು ಕ್ಷಮೆ ಕೇಳಿದರು ಕಾತ್ಯಾಯಿನಿ. ದನಿ ಸ್ವಲ್ಪ ತೊದಲುತ್ತಿತ್ತು. “ಮಗು ಹಾಗೆ ಹೇಳಲಿಲ್ಲ.”

ಚಪ್ಪಾಳೆ ಗಾಳಿಯಲ್ಲೇ ನಿಂತಿತು. ಧೀರಜ್ ಕನ್ನಡಕ್ಕೆ ಇಳಿದರು. “ಮೇಡಂ, ಪ್ಲೀಸ್. ಇದು ನಮ್ಮ ಫ್ಯಾಮಿಲಿ ಮ್ಯಾಟರ್. ಟೀಚರ್ ಮೇಲೇ ಕಂಪ್ಲೇಂಟ್ ಥರ ಆಗುತ್ತೆ. ನಾಳೆಯಿಂದ ನಿಮ್ಮನ್ನೂ ಯಾವ ಸ್ಕೂಲಿಗೂ ಕರೆಯಲ್ಲ.”

“ಈ ಮಾತೂ ಅನುವಾದ ಮಾಡ್ಲಾ ಧೀರಜ್ ಅವ್ರೇ?”

ಧೀರಜ್ ಕೂತರು. ಆ ಕುರ್ಚಿಯಲ್ಲಿ ಕೂರುವುದೆಂದರೆ ಕುಸಿಯುವುದೇ.

ಕಾತ್ಯಾಯಿನಿಯವರು ಹೇಳಿದರು. ಒಂದು ಮಾತು ಸೇರಿಸಲಿಲ್ಲ, ಒಂದು ಮಾತು ಬಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಕೋಪ ಇದೆ. ಅಳು ಬಂದಿತ್ತು. ಮಳೆ ಇಟ್ಟೆ. ತೆಗೆದ. ಎಲ್ಲರೂ ತಟ್ಟಿದರು. ಸೆನ್ಸೇ ಕೂಡ ತಟ್ಟಿದರು. ಉಪಮುಖ್ಯೋಪಾಧ್ಯಾಯರ ಪೆನ್ನು ನಿಂತಿತು. ನಡಾವಳಿಯಲ್ಲಿ ಆ ಜಾಗದಲ್ಲಿ ಒಂದು ಶಾಯಿಯ ಚುಕ್ಕೆ ಮಾತ್ರ ಇದೆ.

ಮೊರಿಶಿತಾ ಸೆನ್ಸೇ ತಮ್ಮ ಕೈಗಳನ್ನು ನೋಡಿಕೊಂಡರು. ಅಂದು ಬಾಗಿಲಿಂದ ಬಿಸಿಲು ತುಂಬಿದ ಹಲಗೆಯಷ್ಟೇ ಕಂಡು ತಟ್ಟಿದ್ದ, ಈಗಷ್ಟೇ ಎರಡನೇ ಸಲ ಅದನ್ನೇ ಮಾಡಿದ್ದ ಕೈಗಳು. ಎರಡನ್ನೂ ಮೇಜಿನ ಕೆಳಗೆ ಇಳಿಸಿ ಒಂದನ್ನೊಂದು ಹಿಡಿದುಕೊಂಡರು. ಅವರು ಏನೋ ಹೇಳಲು ಬಾಯಿ ತೆರೆಯುವ ಮುಂಚೆ ಬೇರೆ ಯಾರೋ ಮಾತಾಡಿದರು.

“ನಂದೂ ಸತ್ತೋಗಿತ್ತು.”

ರಿಕು. ಇನ್ನೂ ಮೇಜನ್ನೇ ನೋಡುತ್ತಿದ್ದ. “ಹಿಂದಿನ ದಿನ. ಎರಡೂ ಹುಳು. ನಾನು ಬಿಸಿಲು ಇಟ್ಟೆ. ಹತ್ತೊಂಬತ್ತು ದಿನ ಆಗಿತ್ತಲ್ಲ. ನಾನು ಇಟ್ಟಿದ್ದೀನಿ ಅಂದ್ಮೇಲೆ ಅವಳೂ ಇಡಬೇಕು ಅಂತ...”

ಕಾತ್ಯಾಯಿನಿಯವರು ಅನುವಾದಕ್ಕೆಂದು ಯಾಮಿನಿಯ ಕಡೆ ಬಾಗಿದರು. ಬೇಕಾಗಲಿಲ್ಲ. ಆರು ದಿನದ ಮೌನ ಮುರಿದು ಯಾಮಿನಿ ಜಪಾನಿಯಲ್ಲೇ ಕೇಳಿದಳು:

“ನನ್ನ ಇನ್ನೊಂದು ಹುಳಕ್ಕೆ ಸೊಪ್ಪು ಯಾರು ಹಾಕ್ತಿದ್ದಾರೆ?”

“ನಾನು.”

“ದಿನಕ್ಕೆ ಎಷ್ಟು ಸಲ?”

“ಮೂರು. ತೊಳೆದು ಹಾಕ್ತೀನಿ.”

“ಒರೆಸ್ತೀಯಾ?”

ರಿಕು ಇಲ್ಲವೆಂದು ತಲೆಯಾಡಿಸಿದ.

“ಒದ್ದೆ ಸೊಪ್ಪು ಹಾಕಿದ್ರೆ ಸತ್ತೋಗುತ್ತೆ!” ಯಾಮಿನಿ ಎದ್ದೇಬಿಟ್ಟಳು. “ಅಮ್ಮಾ, ಒದ್ದೆ ಸೊಪ್ಪು ಹಾಕ್ತಿದ್ದಾನಂತೆ!”

ಅದು ಕ್ಷಮೆಯಲ್ಲ, ಬೈಗುಳ. ಆದರೆ ಅದಕ್ಕಾಗಿ ಅವಳು ಪಕ್ಕದ ತರಗತಿಗೆ ಓಡಿದಳು, ಹಿಂದೆಯೇ ಅವನು. ಹೊಸ್ತಿಲು ದಾಟಿದ್ದು ಅವಳ ಗಮನಕ್ಕೇ ಬರಲಿಲ್ಲ. ಹುಳು ಬದುಕಿತ್ತು. ಆಗಲೇ ಗೂಡು ಕಟ್ಟಲು ಹಣ್ಣಾಗಿ, ಮೈಯೆಲ್ಲ ಹಳದಿ ತಿರುಗಿ, ಮೂಲೆ ಹುಡುಕುತ್ತಿತ್ತು. ಇಬ್ಬರೂ ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆ ಕತ್ತರಿಸಿ ಅದಕ್ಕೆ ಗೂಡಿನ ಜಾಗ ಮಾಡಿದರು. ಒಂದೂ ಮಾತಾಡಲಿಲ್ಲವಂತೆ, ಕತ್ತರಿ ಕೊಡು ಎಂಬುದನ್ನು ಬಿಟ್ಟು.

ಈ ಯೋ ಎಂದಳೇ? ಅಂದು ಇಲ್ಲ. ಮರುದಿನವೂ ಇಲ್ಲ. ಮೊರಿಶಿತಾ ಸೆನ್ಸೇ ಮಾತ್ರ ಗುರುವಾರ ಬೆಳಿಗ್ಗೆ ಮೂವತ್ತೊಂದು ಮಕ್ಕಳ ಮುಂದೆ ನಿಂತು, ಡಾಡ್ಜ್‌ಬಾಲಿನ ಲೆಕ್ಕ ಅಳಿಸಿ, ತಾವೇ ಒಂದು ಬಿಲ್ಲೆ ಮಾಡಿ ತಮ್ಮ ಹೆಸರು ಬರೆದು ಮೋಡದಲ್ಲಿ ಅಂಟಿಸಿದರು. ಮಕ್ಕಳು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಂದೊಂದಾಗಿ ಹಲಗೆಯ ಹವಾಮಾನ ಕೆಡಲು ಶುರುವಾಯಿತು. ಬಿಸಿಲಿನಲ್ಲಿ ಉಳಿದದ್ದು ಒಂಬತ್ತು. ಡಾಡ್ಜ್‌ಬಾಲ್ ಆಡಿಯೇ ಆಡಿದರು, ಗುಡುಗಿನವರು ಹೆಚ್ಚು ಚೆನ್ನಾಗಿ ಆಡಿದರಂತೆ. ಶುಕ್ರವಾರ ಧೀರಜ್ ಟಿಕೆಟ್ ಬಿಟ್ಟುಕೊಟ್ಟರು. ಶನಿವಾರ ಕಾತ್ಯಾಯಿನಿಯವರ ಮನೆಗೆ ಹೋಗಿ ತಲೆ ಬಾಗಿಸಿ ಸಾರಿ ಎಂದರು, ಆಫೀಸಿನ ಬೆನ್ನಿನಿಂದಲ್ಲ. ಕಾತ್ಯಾಯಿನಿಯವರು ಚಕ್ಕುಲಿ ಕೊಟ್ಟರು. ಪರವಾಗಿಲ್ಲ ಅಂದರೋ ಇಲ್ಲವೋ ತಿಳಿಯದು.

ಸುದ್ದಿ ಹಬ್ಬಿತು. ಗುಟುಕಿನ ಅವಧಿ ಬಾಯಿಂದ ಬಾಯಿಗೆ ಬೆಳೆದು ದೂರದ ಫುಕುವೋಕಾ ಊರು ಮುಟ್ಟುವ ಹೊತ್ತಿಗೆ ಏಳು ನಿಮಿಷವಾಗಿತ್ತು. ಅಲ್ಲಿ ಕಾತ್ಯಾಯಿನಿಯವರ ಮಗ ಭುವನ್ ಈಗ ಸಣ್ಣ ಕಂಪನಿಯೊಂದರಲ್ಲಿದ್ದಾನೆ. ಅವನ ಗೆಳೆಯ ವಿನಾಯಕ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶಾಲಾಮಕ್ಕಳ ಭಾವನೆಗಳ ಕಲಿಕೆಯ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾನೆ. ಕೇಳಿದವನೇ ರೆಕಾರ್ಡರ್ ಹಿಡಿದು ಕಾತ್ಯಾಯಿನಿಯವರ ಮನೆಗೆ ಬಂದಿಳಿದ. ಪ್ರಬಂಧದಲ್ಲಿ ಒಂದು ಅಧ್ಯಾಯಕ್ಕೆ ‘ಉದ್ದೇಶಪೂರ್ವಕ ಮೌನ’ ಎಂದು ಹೆಸರನ್ನೂ ಇಟ್ಟುಕೊಂಡಿದ್ದ. ಅಕ್ಕಿಯ ನೆಪದಲ್ಲಿ ನಾನೂ ಅಲ್ಲಿದ್ದೆ.

“ಆಂಟಿ, ಟೀಚರ್ ಬಗ್ಗೆ ಹಾಗೆ ನೇರವಾಗಿ ಹೇಳೋಕೆ ತುಂಬಾ ಧೈರ್ಯ ಬೇಕಲ್ವಾ?”

“ಧೈರ್ಯ ಯಾಕಪ್ಪ? ಮಗು ಹೇಳಿದ್ದು ಹೇಳೋದು ತಾನೇ ಕೆಲ್ಸ.”

“ಅದಕ್ಕೂ ಮುಂಚೆ ಆ ಮೌನ ಇದೆಯಲ್ಲ, ಅದು ಮುಖ್ಯ.” ವಿನಾಯಕ್ ರೆಕಾರ್ಡರನ್ನು ಇನ್ನಷ್ಟು ಹತ್ತಿರ ಸರಿಸಿದ. “ಅಷ್ಟು ಹೊತ್ತು ನೀವು ಕೋಣೆಯ ಎಲ್ಲರ ಭಾವನೆಯನ್ನೂ ತೂಗಿ ನೋಡ್ತಿದ್ರಿ. ಮಗುವಿನ ನೋವಿಗೆ ಜಾಗ ಮಾಡಿಕೊಟ್ರಿ. ಕಣ್ಣಲ್ಲಿ ನೀರು ಕೂಡ ಬಂತಂತೆ. ಆ ಕ್ಷಣದಲ್ಲಿ ನಿಮ್ಮೊಳಗೆ ಏನು ನಡೀತಿತ್ತು ಆಂಟಿ?”

ಕಾತ್ಯಾಯಿನಿಯವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಒಳಗೆ ಒಮ್ಮೆ ಊದಿದರು.

“ಭುವನ್ ಕಳಿಸಿದ ಹೊಸ ಫ್ಲಾಸ್ಕು ಕಣಪ್ಪ. ಬೆಳಿಗ್ಗೆ ತುಂಬಿದ್ದ ನೀರು ಸಾಯಂಕಾಲ ನಾಲ್ಕಕ್ಕೂ ಕುದೀತಿತ್ತು. ನಾಲಿಗೆ ಸುಟ್ಟೋಯ್ತು.”